ಮೊದಲ ತುತ್ತಿನ ಉಪ್ಪು

ಆ ರವಿವಾರ ಬದನೆಕಾಯಿ ಪಲ್ಯಕ್ಕೆ ಉಪ್ಪು ಎರಡು ಸಲ ಬಿದ್ದಿತ್ತು. ಲೋಕಕ್ಕೆ ತಿಳಿಸಬೇಕಾದ ಸಂಗತಿಯೇನೂ ಇದಲ್ಲ. ಆದರೆ ಓದುಗರೇ, ನಮ್ಮ ಮನೆಯ ಅಡಿಗೆಯ ಉಪ್ಪು ಮನುಷ್ಯರಿಗಿಂತ ಮೊದಲು ದೇವರಿಗೆ ತಿಳಿಯುತ್ತಿತ್ತು ಎಂಬುದನ್ನು ಹೇಳದೆ ಮುಂದಿನ ಮಾತು ನಡೆಯುವುದಿಲ್ಲ. ನನ್ನ ಹೆಂಡತಿ ಗೌರವ್ವ ಒಲೆಯ ಮೇಲಿನ ಪದಾರ್ಥದ ರುಚಿ ನೋಡುವವಳಲ್ಲ. ನಾನು ತಾಟಿನ ಮುಂದೆ ಕುಳಿತು, ಕೊರಳಿನ ಲಿಂಗವನ್ನು ಎಡಗೈಯಲ್ಲಿ ಹಿಡಿದು, ಬಡಿಸಿದ್ದನ್ನು ಅದಕ್ಕೆ ತೋರಿಸಬೇಕು. ಆಮೇಲೆ ಅವಳು, "ದೇವರದಾತು, ಇನ್ನ ನೀವು ಉಣ್ರಿ" ಅನ್ನಬೇಕು. ಅದಾದ ಮೇಲೆಯೇ ನನ್ನ ಕೈ ಬಾಯಿಗೆ ಹೋಗಬೇಕು. ಮದುವೆಯಾದ ಮರುದಿನದಿಂದ ಇದೇ ಪದ್ಧತಿ. ಉಪ್ಪು ಹೆಚ್ಚಾದರೆ ದೇವರು ತುಟಿ ಬಿಚ್ಚುತ್ತಿರಲಿಲ್ಲ, ಅದು ದೊಡ್ಡವರ ಲಕ್ಷಣ. ನಾನೂ ಬಿಚ್ಚುತ್ತಿರಲಿಲ್ಲ, ಅದು ಗಂಡಂದಿರ ಲಕ್ಷಣ.

ಆ ದಿನ ಅವಳ ಮನಸ್ಸು ಒಲೆಯ ಮುಂದೆ ಇರಲಿಲ್ಲ. ಹಿಂದಿನ ದಿನವಷ್ಟೇ ಮುಂಡಗೋಡದ ಕಡೆಯಿಂದ ದಾಂಡೇಲಿಗೆ ಮರಳಿದ್ದೆವು, ಅಲ್ಲಿ ಕಂಡ ಏಳು ನೀರಿನ ಬಟ್ಟಲುಗಳು ಅವಳ ಕಣ್ಣೊಳಗೆ ಇನ್ನೂ ತುಳುಕುತ್ತಿದ್ದವು. ಉಪ್ಪು ಹೇಗಿದೆ ಎಂದು ಕೇಳಿದಳು. ಬರೋಬರಿ ಐತಿ ಎಂದೆ. ತಾನು ಉಣ್ಣಲು ಕುಳಿತಾಗ ಮೊದಲ ತುತ್ತಿಗೇ ನನ್ನ ಮುಖ ನೋಡಿ ನಗತೊಡಗಿದಳು. ನನಗೂ ನಗು ಬಂತು. ಮರುದಿನ ಬೆಳಿಗ್ಗೆ ನಳದ ಕೆಳಗೆ ಕೊಡ ಇಟ್ಟು ಪಕ್ಕದ ಕಲ್ಲಿನ ಮೇಲೆ ಕುಳಿತವಳು ಮತ್ತೆ ಏಳಲಿಲ್ಲ. ಈ ಒಂದು ಸಾಲು ಬರೆಯಲು ನನಗೆ ವರ್ಷ ಹಿಡಿಯಿತು. ಈಗ ಬರೆದಾಯಿತು. ಅಳುವುದಕ್ಕೆಂದು ನಾನು ಕುಳಿತಿಲ್ಲ. ಗೌರವ್ವ ದೇವರುಗಳ ಬಗ್ಗೆ ನಡೆಸಿದ ವಿಚಾರಣೆಯನ್ನು ಹೇಳಲು ಕುಳಿತಿದ್ದೇನೆ, ಅದು ಬಹುಪಾಲು ನಗುವಿನ ಕತೆ.

ನಾನು ಮುಲ್ಕಿ, ಅಂದರೆ ಏಳನೆಯ ಇಯತ್ತೆಯ ಪರೀಕ್ಷೆ, ಪಾಸಾದವನು. ಕಾಗದದ ಗಿರಣಿಯಲ್ಲಿ ಬಿದಿರು ತುಂಬಿ ಬರುವ ಲಾರಿಗಳ ತೂಕ ಬರೆಯುವುದು ನನ್ನ ಉದ್ಯೋಗ. ಇಷ್ಟು ವಿದ್ಯೆಗೆ ತಕ್ಕಷ್ಟು ಅಹಂಕಾರವೂ ಇತ್ತು. ವಾಚನಾಲಯದಿಂದ ಧರ್ಮದ ಪುಸ್ತಕಗಳನ್ನು ತಂದು, ದೇವರು ಸಾಕಾರನೋ ನಿರಾಕಾರನೋ, ಒಬ್ಬನೋ ಅನೇಕನೋ ಎಂದು ಸಂಜೆಯ ಹೊತ್ತು ಅವಳಿಗೆ ವಿವರಿಸುತ್ತಿದ್ದೆ. ಅವಳು ಕಾಳು ಹಸನು ಮಾಡುತ್ತ ಕೇಳಿ, ನಡುನಡುವೆ ಕಲ್ಲು ಆರಿಸಿ ಬಿಸಾಡುತ್ತಿದ್ದಳು. ಅವು ಕಾಳಿನೊಳಗಿನವೋ ನನ್ನ ಮಾತಿನೊಳಗಿನವೋ ತಿಳಿಯುತ್ತಿರಲಿಲ್ಲ. ಅವಳಿಗಿದ್ದದ್ದು ಒಂದೇ ಪ್ರಶ್ನೆ: ನಿಮ್ಮ ದೇವರು ಏನು ಉಣ್ಣುತ್ತಾನೆ? ಮನೆಗೆ ಬಂದವರು ಏನು ಉಣ್ಣುತ್ತಾರೆಂದು ಗೊತ್ತಾದರೆ ಅವರು ಎಂಥವರೆಂದು ಗೊತ್ತಾಗುತ್ತದೆ ಎಂಬುದು ಅವಳ ಸಿದ್ಧಾಂತ, ಅದರಿಂದ ದೇವರಿಗೂ ವಿನಾಯಿತಿ ಇರಲಿಲ್ಲ. ಇಂಥ ಪ್ರಶ್ನೆಗೆ ದಾಂಡೇಲಿಯಂಥ ಊರು ಇನ್ನೊಂದಿಲ್ಲ. ಗಿರಣಿಯ ಕೆಲಸಕ್ಕೆ ದಿಕ್ಕುದಿಕ್ಕಿನಿಂದ ಬಂದವರು ತಮ್ಮ ತಮ್ಮ ದೇವರನ್ನೂ ಟ್ರಂಕಿನಲ್ಲಿ ಇಟ್ಟುಕೊಂಡು ಬಂದಿದ್ದರು.

ಬಲಮನೆಯ ಬೀಬಿಜಾನ್‌ಳನ್ನು ಮೊದಲು ಕೇಳಿದಳು. ಅವಳ ಗಂಡ ಬಾಯ್ಲರ್ ವಿಭಾಗದಲ್ಲಿದ್ದ. ನಮ್ಮ ದೇವರು ಎಲ್ಲರಿಗೂ ಉಣಿಸುತ್ತಾನೆ, ತಾನು ಏನೂ ಉಣ್ಣುವುದಿಲ್ಲ ಎಂದಳು ಬೀಬಿಜಾನ್. ಗೌರವ್ವನಿಗೆ ಇದು ಬಹಳ ಕೆಡುಕೆನಿಸಿತು. ಹಸಿವೇ ಇಲ್ಲದವನಿಗೆ ನಮ್ಮ ಹಸಿವು ತಿಳಿಯುವುದು ಹೇಗೆ ಎಂದು ಎರಡು ದಿನ ಚಿಂತಿಸಿದಳು. ಮೂರನೆಯ ದಿನ ಹೂರಣದ ಹೋಳಿಗೆ ಮಾಡಿ, ಬಿಸಿ ಇರುವಾಗಲೇ ಮುಟ್ಟಲಿ ಎಂದು ಮಟಮಟ ಮಧ್ಯಾಹ್ನ ತಾಟು ಹಿಡಿದು ಆ ಮನೆಗೆ ಓಡಿದಳು. ಅದು ರಮಜಾನ್ ತಿಂಗಳು. ಬೀಬಿಜಾನ್ ಒಂದು ಮಾತೂ ಆಡದೆ ನಗುತ್ತ ತಾಟು ತೆಗೆದುಕೊಂಡು, ಮೇಲೊಂದು ಬಟ್ಟೆ ಮುಚ್ಚಿ, ಹೊತ್ತು ಮುಳುಗುವವರೆಗೂ ಅದನ್ನು ಕಾದಳಂತೆ. ವಿಷಯ ಗೊತ್ತಾದಾಗ ಗೌರವ್ವ ನಾಚಿ ನೀರಾಗಿ ಕೇಳಿಯೇಬಿಟ್ಟಳು.

"ಉಪಾಸ ಅದೇನಿ ಅಂತ ಹೇಳಬಾರದೇನ ಬೀಬಕ್ಕಾ? ಹೋಳಿಗಿ ವಾಸನಿ ಮುಂದ ಇಟಗೊಂಡ ಹೆಂಗ ಕುಂತಿ?"

"ಹಸಿದವರು ಹೆಂಗ ಕುಂಡ್ರತಾರ ಅಂತ ತಿಳೀಲಿ ಅಂತನ ಅಲ್ಲೇನ ರೋಜಾ ಇಟ್ಟಿದ್ದು? ಈ ವರ್ಷ ಚಲೋತ್ನ್ಯಾಗಿ ತಿಳೀತು ನೋಡವಾ."

ಗೌರವ್ವನ ಎರಡು ದಿನದ ಚಿಂತೆ ಅಲ್ಲಿಗೆ ಮುಗಿಯಿತು. ತಾನು ಉಣ್ಣದೆ ಇದ್ದು ನಮಗೆ ಹಸಿವಿನ ಪಾಠ ಹೇಳುವವನು ಶಾಲೆಯ ಮಾಸ್ತರ ಇದ್ದ ಹಾಗೆ ಎಂದು ತೀರ್ಮಾನಿಸಿದಳು.

ಎಡಮನೆಯ ಇಸಾಬೆಲ್ ಬಾಯಿ ಗೋವಾ ಕಡೆಯವಳು, ಕ್ರಿಸ್ತರವಳು. ನಮ್ಮ ದೇವರು ಉಣ್ಣುವುದಿಲ್ಲ ಗೌರಾಬಾಯಿ, ನಮಗೆ ತನ್ನನ್ನೇ ಉಣ್ಣಲು ಕೊಡುತ್ತಾನೆ, ಇಗರ್ಜಿಯಲ್ಲಿ ಪಾದ್ರಿ ನಾಲಗೆಯ ಮೇಲೆ ಇಡುವ ರೊಟ್ಟಿ ಅದೇ ಎಂದು ಅವಳು ವಿವರಿಸಿದಳು. ನಾನು ಇದನ್ನು ಪುಸ್ತಕದಲ್ಲಿ ಓದಿದ್ದೆ, ಓದಿ ಕಠಿಣ ಎಂದು ಪುಟ ತಿರುವಿದ್ದೆ. ಗೌರವ್ವ ಹಿಟ್ಟು ನಾದುವುದನ್ನು ನಿಲ್ಲಿಸಿ ಹೇಳಿದಳು: "ಹಂಗಾರ ಆತ ತಾಯಿ ಆಗಿರಬೇಕ ಬಾಯಿ. ತನ್ನ ಮೈಯಾಗಿಂದು ತಗದು ಕೊಡೂದು ತಾಯಿಗಷ್ಟ ಗೊತ್ತು." ಇಸಾಬೆಲ್ ಬಾಯಿ ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆ ವಾರ ಪಾದ್ರಿಗೂ ಹೇಳಿದಳಂತೆ. ಅವರು ಬಹಳ ಹೊತ್ತು ತಲೆದೂಗಿದರಂತೆ. ನನ್ನ ಪಾಂಡಿತ್ಯಕ್ಕೆ ಮಾತ್ರ ಇದುವರೆಗೆ ಯಾರೂ ತಲೆದೂಗಿದ್ದಿಲ್ಲ.

ಜೋಯಿಡಾದ ಕಾಡಿನಿಂದ ಗೆಡ್ಡೆ ಮಾರಲು ಬರುತ್ತಿದ್ದ ಪುತಳಿ ಎಂಬ ಮುದುಕಿ ಕೊಟ್ಟ ಉತ್ತರವೇ ಬೇರೆ. ಅವರ ದೇವರು ದೊಡ್ಡ ಮರಗಳ ನಡುವಿನ ಒಂದು ಕಲ್ಲು. ಹೊಸ ಅಕ್ಕಿ, ತೆಂಗಿನಕಾಯಿ ಕೊಡುವುದು ಉಂಟು, ಆದರೆ ನಿಜವಾದ ಊಟ ಅದಲ್ಲ ಎಂದಳು. ಆ ಮರಗಳಿಂದ ಯಾರೂ ಒಂದು ಕಡ್ಡಿಯನ್ನೂ ಮುರಿಯುವುದಿಲ್ಲ, ಬಿದ್ದ ಹಣ್ಣನ್ನೂ ತರುವುದಿಲ್ಲ. ನಾವು ಮುಟ್ಟದೆ ಬಿಟ್ಟದ್ದೇ ಅವನ ಊಟ. ದಿನವೂ ಲಾರಿಗಟ್ಟಲೆ ಕಡಿದ ಬಿದಿರಿನ ತೂಕ ಬರೆಯುವ ನಾನು ಅಂದು ಗೆಡ್ಡೆಯ ಬೆಲೆಯಲ್ಲಿ ಚೌಕಾಸಿ ಮಾಡಲಿಲ್ಲ.

ಉಳಿದದ್ದು ಟಿಬೆಟ್ಟಿನವರ ದೇವರು. ಅವರು ಮುಂಡಗೋಡದ ಹತ್ತಿರ ಬಂದು ನೆಲೆಸಿ ಆಗಿನ್ನೂ ಎರಡು ಮೂರು ವರ್ಷ. ಗೌರವ್ವನ ತವರು ಅದೇ ತಾಲೂಕಿನ ಮಳಗಿ. ಕೊನೆಯ ಸಲ ಅಲ್ಲಿಗೆ ಹೋದಾಗ ಹಟ ಹಿಡಿದು ನನ್ನನ್ನು ಎಳೆದುಕೊಂಡು ಹೋದಳು. ಒಬ್ಬ ಅಜ್ಜಿ ನಮ್ಮನ್ನು ತಗಡಿನ ಮನೆಯೊಳಗೆ ಕರೆದು, ಬುದ್ಧನ ಮುಂದೆ ಸಾಲಾಗಿ ಇಟ್ಟ ಏಳು ಬಟ್ಟಲು ನೀರು ತೋರಿಸಿದಳು. ಬೆಳಿಗ್ಗೆ ತುಂಬುವುದು, ಸಂಜೆ ಚೆಲ್ಲುವುದು. ನೀರೇ ಏಕೆ ಎಂದರೆ, ಕೊಡುವಾಗ ಯಾರಿಗೂ ಹೊಟ್ಟೆ ಉರಿಯದ ವಸ್ತು ಅದೊಂದೇ ಎಂದು ಹರಕು ಹಿಂದಿಯಲ್ಲಿ ಹೇಳಿ, ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. ಹೊರಗೆ ಬಂದ ಮೇಲೆ ನಾನು, ಬುದ್ಧ ದೇವರಲ್ಲ, ಗುರು, ಜಗತ್ತನ್ನು ಮಾಡಿದ ದೇವರೊಬ್ಬನಿದ್ದಾನೆ ಎಂದು ಇವರು ಹೇಳುವುದಿಲ್ಲ ಎಂದು ನನ್ನ ಪುಸ್ತಕ ಬಿಚ್ಚಿದೆ. ಊರು ಬಿಟ್ಟು ಬಂದವರು ಯಾರಿಗೋ ದಿನಾ ನೀರು ಇಡುತ್ತಾರಲ್ಲ, ಅಷ್ಟು ಸಾಕು ಎಂದು ಅವಳು ಅದನ್ನು ಮುಚ್ಚಿಸಿದಳು.

ಅವಳನ್ನು ಕೂರಿಸಿ ಮಣ್ಣು ಮಾಡುವಾಗ ಅವಳ ಲಿಂಗವನ್ನು ಅವಳ ಅಂಗೈಯಲ್ಲೇ ಇಟ್ಟೆವು. ಅವಳ ದೇವರು ಅವಳ ಜೊತೆ ಹೋದ. ನನ್ನ ದೇವರು ನನ್ನ ಜೊತೆ ಉಳಿದ, ಇಬ್ಬರೂ ಉಪವಾಸ ಬಿದ್ದೆವು. ಅನ್ನ ಮಾಡಲು ನನಗೆ ಬರುತ್ತದೆ. ತಾಟಿನ ಮುಂದೆ ಕುಳಿತು ಲಿಂಗಕ್ಕೆ ತೋರಿಸುತ್ತಿದ್ದೆ, ಆಮೇಲೆ ಕಾಯುತ್ತಿದ್ದೆ. ಉಣ್ಣಿರಿ ಎಂಬ ಮಾತು ಬರುತ್ತಿರಲಿಲ್ಲ, ಕೈ ಏಳುತ್ತಿರಲಿಲ್ಲ. ಕೊನೆಗೆ ಮನೆಯ ಒಲೆ ಆರಿಸಿ, ಗಿರಣಿಯ ಕ್ಯಾಂಟೀನಿನಲ್ಲಿ ನಿಂತುಕೊಂಡೇ ತಿನ್ನತೊಡಗಿದೆ. ಇಸಾಬೆಲ್ ಬಾಯಿ ಗಂಜಿ ತಂದಳು, ಅದು ಆರಿತು. ಪುತಳಿ ಬಾಗಿಲು ಬಡಿಯದೆ ಕಟ್ಟೆಯ ಮೇಲೆ ಗೆಡ್ಡೆ ಇಟ್ಟು ಹೋದಳು. ನಾನು ಮುಟ್ಟದೆ ಬಿಟ್ಟೆ, ಅವಳ ದೇವರು ಉಂಡಿರಬೇಕು.

ಹೀಗೆ ಮೂರು ತಿಂಗಳಾಗಿ ಮತ್ತೆ ರಮಜಾನ್ ಬಂತು. ಒಂದು ಸಂಜೆ ಬೀಬಿಜಾನ್ ಮುಚ್ಚಿದ ತಾಟು ತಂದು ನನ್ನ ಮುಂದಿಟ್ಟು, ತಾನು ಹೊಸ್ತಿಲಾಚೆ ಕುಳಿತಳು. ಅಂಗೈಯಲ್ಲಿ ಒಂದು ಖರ್ಜೂರ ಇತ್ತು. ಮಸೀದಿಯ ಕೂಗು ಕೇಳಿಸಿತು, ಅವಳು ಬಾಯಿಗೆ ಹಾಕಿಕೊಳ್ಳಲಿಲ್ಲ.

"ಹೊತ್ತ ಮುಳಿಗೇತಿ, ರೋಜಾ ಬಿಡ್ರಿ ಬೀಬಕ್ಕಾ" ಎಂದೆ.

"ಗೌರವ್ವನ ತಾಟ ನಾ ಕಾದೇನಿ, ನನ್ನ ತಾಟ ನೀವು ಕಾಯಸಬ್ಯಾಡ್ರಿ ಅಣ್ಣಾರ. ನಿಮ್ಮ ದೇವರಿಗೆ ತೋರಿಸ್ರಿ. ನೀವು ಒಂದ ತುತ್ತ ತಗೊಂಡ ಮ್ಯಾಲ ನಾನು ಬಿಡ್ತೇನಿ."

ಇಡೀ ದಿನ ಹನಿ ನೀರೂ ಕುಡಿಯದ ಹೆಣ್ಣುಮಗಳನ್ನು ಕಾಯಿಸುವಷ್ಟು ದೊಡ್ಡದಾಗಿರಲಿಲ್ಲ ನನ್ನ ದುಃಖ. ತಾಟಿನ ಬಟ್ಟೆ ತೆಗೆದರೆ ಹೋಳಿಗೆ. ತೋರಿಸಿದೆ, ಮುರಿದೆ, ಬಾಯಿಗಿಟ್ಟೆ. ಅವಳು ಖರ್ಜೂರ ತಿಂದಳು.

ಮುಂದಿನ ರವಿವಾರ ಒಲೆ ಹಚ್ಚಿ ಬದನೆಕಾಯಿ ಪಲ್ಯ ಮಾಡಿದೆ. ಅವಳಂತೆಯೇ ರುಚಿ ನೋಡಲಿಲ್ಲ. ಲಿಂಗಕ್ಕೆ ತೋರಿಸಿ, ತುಸು ಕಾದು, ಉಂಡೆ; ಉಪ್ಪು ಎರಡು ಸಲ ಬಿದ್ದಿತ್ತು. ದೇವರು ಎಂದಿನಂತೆ ತುಟಿ ಬಿಚ್ಚಲಿಲ್ಲ. ಒಬ್ಬನೇ ಕುಳಿತು ನಕ್ಕೆ. ಅಂದಿನಿಂದ ಮನೆಯಲ್ಲೇ ಉಣ್ಣುತ್ತೇನೆ, ಅಡಿಗೆಯೂ ಸುಧಾರಿಸಿದೆ, ಉಪ್ಪೂ ಈಗ ಬರೋಬರಿ ಬೀಳುತ್ತದೆ. ದೇವರದಾದ ಮೇಲೆ, ಇನ್ನು ನೀವು ಉಣ್ಣಿರಿ ಎನ್ನುವವರು ಮನೆಯಲ್ಲಿ ಇಲ್ಲ.