ನೀರು ಕುಡಿಯುವ ಗುಂಡಿ

ಅಣ್ಣನ ಹಣೆಗೆ ಕಲ್ಲು ಬೀಸಿದವಳು ನಾನೇ. ಯಾರು ಕೇಳಿದರೂ ಹೇಳುತ್ತೇನೆ, ಅದರಲ್ಲಿ ನನಗೆ ಎಳ್ಳಷ್ಟೂ ನಾಚಿಕೆ ಇಲ್ಲ. ಅವನು ಕೆನ್ನೆಗೆ ಬಾರಿಸಿದ ಏಟಿಗೆ ನನ್ನ ಮುಂದಿನ ಹಲ್ಲು ಹೋಯಿತು. ಅವನೂ ನಾಚಿಕೊಂಡದ್ದು ನಾನು ನೋಡಿಲ್ಲ.

ಗುರುವಾಯನಕೆರೆಯಿಂದ ಒಳಗೆ, ಅಮ್ಮನ ಪಾಲಿಗೆ ಬಂದ ಗುಡ್ಡೆಯಲ್ಲಿ ಅಣ್ಣ, ನಾನು, ತಂಗಿ ಮೂರು ಮನೆ ಕಟ್ಟುವುದೆಂದು ಹೊರಟಿದ್ದೆವು. ಕುವೈತಿನಿಂದ ವಾಪಸು ಬಂದಿದ್ದ ಅಣ್ಣನದೇ ಪ್ಲಾನು. ಮನೆ ಬೇರೆ ಬೇರೆ, ಬಾವಿ ಒಂದೇ, ಮೂರೂ ಕಕ್ಕಸಿಗೆ ಗುಂಡಿಯೂ ಒಂದೇ. ಒಳ್ಳೆಯದೇ ಆಯಿತೆಂದು ನಾನೂ ತಲೆಯಾಡಿಸಿದೆ. ಆಮೇಲೆ ಅವನು ವಾಸ್ತು ಕೇಳಿಕೊಂಡು ಬಂದ. ಬಾವಿ ಈಶಾನ್ಯಕ್ಕೆ, ಗುಂಡಿ ವಾಯವ್ಯಕ್ಕೆ. ನಮ್ಮ ಗುಡ್ಡೆಯಲ್ಲಿ ವಾಯವ್ಯವೆಂದರೆ ನೆತ್ತಿ, ಈಶಾನ್ಯವೆಂದರೆ ಅದರ ಕೆಳಗಿನ ಇಳಿಜಾರು.

ಜೆಸಿಬಿ ನೆತ್ತಿಯನ್ನು ಬಗೆಯಿತು. ಒಳಗೆಲ್ಲ ಮುರಕಲ್ಲು, ಮೈತುಂಬ ತೂತು. ಕಾಂಕ್ರೀಟ್ ರಿಂಗ್ ಇಳಿಸಿದರು, ಅಡಿ ಮಾತ್ರ ಹಾಗೇ ಬಿಟ್ಟರು. ಗುಂಡಿ ಹೇಗಿದೆಯೆಂದು ನೋಡಲು ನಮ್ಮ ಕಡೆ ಒಂದು ಕ್ರಮ ಉಂಟು. ಟ್ಯಾಂಕರ್ ನೀರು ಬಿಡುತ್ತಾರೆ. ನೀರು ನಿಂತರೆ ಕೆಟ್ಟ ಗುಂಡಿ, ಇಂಗಿದರೆ ಒಳ್ಳೆಯದು. ಮರುದಿನ ನೋಡಿದರೆ ಒಂದು ಹನಿಯೂ ಇರಲಿಲ್ಲ.

"ಭಾರೀ ಒಳ್ಳೆ ಗುಂಡಿ ಮಾರಾಯ್ತಿ! ಎಷ್ಟು ಹಾಕಿದ್ರೂ ಕುಡೀತದೆ. ಮೊಮ್ಮಕ್ಕಳ ಕಾಲಕ್ಕೂ ತುಂಬ್ಲಿಕ್ಕಿಲ್ಲ" ಎಂದು ಅಣ್ಣ ಹಲ್ಲು ಕಿರಿದ.

"ಕುಡಿದದ್ದು ಎಲ್ಲಿಗೆ ಹೋಗ್ತದೆ?"

"ಭೂಮಿಗೆ."

"ಭೂಮಿಯಿಂದ ಬಾವಿಗೆ. ಆ ನೀರು ಕುಡಿಯುವವಳು ಯಾರೂಂತ ಗೊತ್ತುಂಟಾ?"

"ನಿನ್ನದು ಎಲ್ಲದಕ್ಕೂ ಒಂದು ಅಡ್ಡಬಾಯಿ."

ಕುಡಿಯುವವಳು ತಂಗಿ. ಅವಳ ಎರಡೂ ಕಿಡ್ನಿ ಹೋಗಿ, ಬೇರೆ ಕಿಡ್ನಿ ಜೋಡಿಸಿದ್ದರು. ಸಣ್ಣ ಸೋಂಕೂ ಜೀವ ತೆಗೆದೀತು, ನೀರಿನ ವಿಷಯದಲ್ಲಿ ಜಾಗ್ರತೆ ಎಂದು ಡಾಕ್ಟರು ಬಾಯಿ ಬಿಟ್ಟು ಹೇಳಿದ್ದರು. ಆ ಕಿಡ್ನಿ ಕೊಟ್ಟವನು ಇದೇ ಅಣ್ಣ. ಎಲ್ಲರಿಗಿಂತ ಮೊದಲು ಅವಳ ಮನೆ ಮುಗಿಸಿದ್ದೂ ಅವನೇ, ಬಾವಿಯ ಪಕ್ಕದಲ್ಲೇ. ಗುಂಡಿ ಆದ ಕೂಡಲೇ ಅವಳು ಒಕ್ಕಲಾಗಬೇಕಿತ್ತು.

ಪೈಪು ಜೋಡಿಸುವ ದಿನ ನಾನು ಗುಂಡಿಗೆ ಅಡ್ಡ ನಿಂತೆ.

"ನನ್ನ ಹೊಟ್ಟೆ ಕೊಯ್ದು ಕೊಟ್ಟವ ನಾನು. ನಾನು ಅವಳಿಗೆ ವಿಷ ಹಾಕ್ತೇನಾ?"

"ಹಾಕ್ತಾ ಇದ್ದೀ!"

ಅವನು ನನ್ನ ರಟ್ಟೆ ಹಿಡಿದು ಎಳೆದ. ಕೈಗೆ ಮುರಕಲ್ಲಿನ ಚೂರು ಸಿಕ್ಕಿತು, ಬೀಸಿದೆ. ಹಣೆ ಒಡೆದು ರಕ್ತ ಕಣ್ಣಿಗಿಳಿಯಿತು. ಅವನು ಕೊಟ್ಟ ಏಟಿಗೆ ನಾನು ರಿಂಗಿನ ಅಂಚಿಗೆ ಹೋಗಿ ಬಿದ್ದೆ. ಬಾಯಿಯಿಂದ ರಕ್ತದ ಜೊತೆಗೆ ಹಲ್ಲೂ ಹೊರಬಂತು. ಎದ್ದವಳಿಗೆ ಎದುರು ಕಂಡದ್ದು ತೆಂಗಿನ ಬುಡಕ್ಕೆ ಹಾಕಲು ತರಿಸಿಟ್ಟ ಉಪ್ಪಿನ ಚೀಲಗಳು. ಕೆಲಸದವರ ಕತ್ತಿಯಿಂದ ಒಂದೊಂದನ್ನೇ ಸೀಳಿ ಗುಂಡಿಗೆ ಸುರಿದೆ. ಸಿಮೆಂಟಿನ ಕೆಲಸಕ್ಕೆ ಬಂದು ನಿಂತಿದ್ದ ಟ್ಯಾಂಕರಿನ ನೀರನ್ನೂ ಅದಕ್ಕೇ ಬಿಟ್ಟೆ. ಅಣ್ಣ ಹಿಂದಿನಿಂದ ಜುಟ್ಟು ಹಿಡಿದ, ನಾನು ಅವನ ಕೈ ಕಚ್ಚಿದೆ. ಕೆಲಸದವರು ನಡುವೆ ಬರದಿದ್ದರೆ ಅಂದು ನಮ್ಮಲ್ಲೊಬ್ಬರು ಗುಂಡಿಯೊಳಗೇ ಹೋಗುತ್ತಿದ್ದರು.

"ಇವಳಿಗೆ ಮರ್ಲು ಹಿಡಿದಿದೆ" ಎಂದು ಅವನು ಕೂಗಿದ.

"ಹೌದು, ಹಿಡಿದಿದೆ. ಉಪ್ಪು ಬಾವಿಗೆ ಬರದಿದ್ದರೆ ನಾನೇ ನಿನ್ನ ಕಾಲು ಹಿಡೀತೇನೆ. ಅಲ್ಲಿಯವರೆಗೆ ಪೈಪು ಮುಟ್ಟಿದ್ರೆ ಜಾಗ್ರತೆ!"

ಆಮೇಲೆ ನಾವು ಮುಖ ಕೊಟ್ಟು ಮಾತಾಡಲಿಲ್ಲ. ತಂಗಿ ಮಾತ್ರ ದಿನವೂ ಬಂದು ಮಲ್ಲಿಗೆ ಗಿಡಗಳಿಗೆ ನೀರು ಹಾಕಿ, ಅದೇ ಬಾವಿಯ ನೀರಿನಲ್ಲಿ ಎಲ್ಲರಿಗೂ ಚಾ ಮಾಡುತ್ತಿದ್ದಳು. ಕೆಲಸದವರು ಸುಮ್ಮನೆ ಕುಡಿಯುತ್ತಿದ್ದರು, ನನಗೂ ಏನೂ ಗೊತ್ತಾಗಲಿಲ್ಲ. ನಾನು ಸೋತೆನೆಂದೇ ತಿಳಿದು ಒಳಗೊಳಗೆ ಉರಿಯುತ್ತಿದ್ದೆ. ಒಂದು ಬೆಳಿಗ್ಗೆ ಅವಳು ಚಾದ ಗುಟುಕು ಬಾಯಿಗೆ ಹಾಕಿದವಳು ಥೂ ಎಂದು ಉಗಿದಳು. ಕಿಡ್ನಿಯ ಪಥ್ಯಕ್ಕೆ ಉಪ್ಪಿಲ್ಲದ ಗಂಜಿ ಉಂಡೇ ವರ್ಷಗಳನ್ನು ಕಳೆದ ನಾಲಿಗೆ ಅದು. ಚೊಂಬಿನಲ್ಲಿ ಬಾವಿ ನೀರು ಸೇದಿ ಅಣ್ಣನ ಮುಂದೆ ಹಿಡಿದಳು.

"ಕುಡಿದು ನೋಡು, ಅಣ್ಣ."

ಅವನು ಕುಡಿದ. ಮತ್ತೊಂದು ಗುಟುಕು ಕುಡಿದ. ಪಿಕಾಸು ಎತ್ತಿಕೊಂಡು ನೆತ್ತಿಗೆ ಹೋದ.

ರಿಂಗು ಒಡೆಯುವ ಸದ್ದು ರಸ್ತೆಯವರೆಗೂ ಕೇಳುತ್ತಿತ್ತು. ಕೊಲ್ಲುವವನ ಹಾಗೆ ಹೊಡೆಯುತ್ತಿದ್ದ. ಸಿಮೆಂಟಿನ ಚೂರು ಸಿಡಿದು ಹಣೆಯ ಗಾಯ ಮತ್ತೆ ಬಾಯಿ ಬಿಟ್ಟಿತು. ಅಂಗೈ ಸುಲಿಯಿತು, ಪಿಕಾಸಿನ ಹಿಡಿ ಕೆಂಪಾಯಿತು. ಕೆಲಸದವರು ಹತ್ತಿರ ಹೋಗಲು ಹೆದರಿದರು. ಕೊನೆಗೆ ಒಂದು ಕೈಯಿಂದ ಹೊಟ್ಟೆಯ ಹಳೆಯ ಕೊಯ್ತದ ಜಾಗವನ್ನು ಒತ್ತಿ ಹಿಡಿದು ಅಲ್ಲೇ ಕುಸಿದು ಕೂತ. ಅಷ್ಟು ಹೊತ್ತು ಒಳಗೊಳಗೇ ಖುಷಿ ಪಡುತ್ತಿದ್ದ ನನಗೆ ಆಗ ಅಳು ತಡೆಯಲಾಗಲಿಲ್ಲ.

"ಎಲ್ಲಿ ತೋಡುವ ಹೇಳು" ಎಂದ, ನನ್ನ ಮುಖ ನೋಡದೆ.

ಬಾವಿಗಿಂತ ಕೆಳಗೆ, ದೂರದಲ್ಲಿ, ಆಗ್ನೇಯದ ಮೂಲೆ ತೋರಿಸಿದೆ. ಅಗ್ನಿಮೂಲೆಗೆ ಗುಂಡಿಯೇ ಎಂದು ನೆಂಟರೆಲ್ಲ ಮೂಗು ಮುರಿದರು. ಅಣ್ಣ ಅವರ ಮೇಲೂ ಪಿಕಾಸು ಎತ್ತಿಕೊಂಡು ಹೋದ. ಈ ಸಲ ಅಡಿಗೂ ಗೋಡೆಗೂ ಕಾಂಕ್ರೀಟು ಹಾಕಿಸಿದ. ಬಾವಿಯ ನೀರನ್ನು ಪಂಪು ಇಟ್ಟು ಮತ್ತೆ ಮತ್ತೆ ಖಾಲಿ ಮಾಡಿದೆವು, ತಂಗಿಯ ನಾಲಿಗೆ ಒಪ್ಪುವವರೆಗೆ.

ಈಗ ಮೂರೂ ಮನೆಯಲ್ಲಿ ಜನ ಇದ್ದೇವೆ. ನಾನೂ ಅಣ್ಣನೂ ವಾರಕ್ಕೊಮ್ಮೆಯಾದರೂ ಜಗಳಾಡುತ್ತೇವೆ. ಬೆಳಿಗ್ಗೆ ಬಾವಿಯ ಮೊದಲ ಕೊಡ ಸೇದುವವನು ಅವನೇ. ಒಂದು ಚೊಂಬು ನಿಂತಲ್ಲೇ ಕುಡಿಯುತ್ತಾನೆ, ತನಗೆ ಏನಾದರೂ ಆಗುತ್ತದೋ ಎಂದು ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಕಾದು ಕೂರುತ್ತಾನೆ, ಆಮೇಲೆ ತಂಗಿಯ ಅಡಿಗೆಮನೆಯ ಬಾಗಿಲಲ್ಲಿ ಕೊಡ ಇಡುತ್ತಾನೆ.