ಬಾಂದುಕಲ್ಲಿನ ಶಿಲುಬೆ

ನಾನು ದೇವರನ್ನು ನಂಬುವವಳು. ಆದರೆ ದೇವರ ಹೆಸರು ಹಿಡಿದು ಜನ ಹೇಳುವ ಕತೆಗಳನ್ನು ಬೇಗ ನಂಬುವವಳಲ್ಲ. ಯಾರದೋ ಮನೆಯ ಪಟದಲ್ಲಿ ದೇವಮಾತೆಯ ಕಣ್ಣಿಂದ ನೀರು ಬಂತಂತೆ ಅಂದರೆ, ಆ ಮನೆಯ ಹೆಂಚು ಸೋರುತ್ತದೆಯೋ ಎಂದು ಮೊದಲು ಕೇಳುವ ಬುದ್ಧಿ ನನ್ನದು. ಬೆರಳಿಟ್ಟು ನೋಡದೆ ಯಾವುದನ್ನೂ ಒಪ್ಪುವುದಿಲ್ಲ ಅಂತ ನಮ್ಮ ಮನೆಯವರು ನನ್ನನ್ನು ಸಂತ ತೋಮಾಸರ ತಂಗಿ ಎಂದು ಛೇಡಿಸುತ್ತಾರೆ. ಅಂಥ ನಾನೇ ಇದನ್ನು ಬರೆಯಲು ಕೂತಿದ್ದೇನೆ. ಓದಿ ನೀವು ನಕ್ಕರೂ ನನಗೆ ಬೇಜಾರಿಲ್ಲ. ಆದರೆ ಒಂದು ಮಾತು ಮೊದಲೇ ಹೇಳಿಬಿಡಬೇಕು: ಈ ಸಂಗತಿಯಲ್ಲಿ ನಾನೇನೂ ಒಳ್ಳೆಯವಳಾಗಿ ಕಾಣುವುದಿಲ್ಲ.

ನಮ್ಮದು ಗಾವಡಗೆರೆಯಿಂದ ಒಳಕ್ಕೆ ಹೋಗಬೇಕಾದ ಒಂದು ಊರು. ಒಂದಿಷ್ಟು ಕ್ರೈಸ್ತರ ಮನೆಗಳು, ಸಣ್ಣದೊಂದು ಚರ್ಚು. ನನ್ನ ಗಂಡ ಮತ್ತು ಮೈದುನ ಪಾಲಾದ ಮೇಲೆ ಅಕ್ಕಪಕ್ಕದ ಮನೆಗಳಲ್ಲೇ ಇದ್ದೇವೆ. ಹೊಲಗಳೂ ಅಕ್ಕಪಕ್ಕವೇ. ಮೈದುನನ ಹೆಂಡತಿ, ಅಂದರೆ ನನ್ನ ಓರಗಿತ್ತಿ, ಲೂರ್ದು. ಭಾನುವಾರದ ಪೂಜೆ ಶುರುವಾದ ಮೇಲೆ ಬಂದು ಹಿಂದಿನ ಬೆಂಚಿನಲ್ಲಿ ಕೂರುವವಳು, ಫಾದರ್ ಪ್ರಸಂಗ ಶುರು ಮಾಡಿದರೆ ಗೋಡೆಗೆ ತಲೆ ಒರಗಿಸಿ ತೂಕಡಿಸುವವಳು. ನಾನು ಪೀಠದ ಬಟ್ಟೆ ಒಗೆದು ಗಂಜಿ ಹಾಕುತ್ತೇನೆ, ಹೂವಿಡುತ್ತೇನೆ. ತಿಂಗಳ ಮೊದಲ ಶನಿವಾರ ಊರಿನ ಹೆಂಗಸರೆಲ್ಲ ಸೇರಿ ಜಪಸರ ಹೇಳುವುದು ನಮ್ಮ ಮನೆಯ ಅಂಗಳದಲ್ಲೇ ನಡೆದುಕೊಂಡು ಬಂದಿತ್ತು. ಮಲಗುವ ಮುಂಚೆ ಆ ದಿನ ದೇವರು ಕೊಟ್ಟ ಸಣ್ಣಪುಟ್ಟ ಉಪಕಾರಗಳನ್ನು ಬೆರಳಲ್ಲಿ ಎಣಿಸುವ ಅಭ್ಯಾಸ ನನಗೆ: ಹಾಲು ಒಡೆಯಲಿಲ್ಲ, ಅವರ ಕೆಮ್ಮು ಕಡಿಮೆ ಇತ್ತು, ಬಸ್ಸಿನಲ್ಲಿ ಸೀಟು ಸಿಕ್ಕಿತು. ಆ ಎಣಿಕೆಯಲ್ಲಿ ಶನಿವಾರದ ಜಪ ಯಾವಾಗಲೂ ಹೆಬ್ಬೆರಳಿಗೆ ಬರುತ್ತಿತ್ತು.

ಈಗ್ಗೆ ಕೆಲವು ವರ್ಷಗಳ ಹಿಂದೆ ಮೈದುನ ಹೊಗೆಸೊಪ್ಪು ಬೇಯಿಸಲು ಹೊಸ ಬ್ಯಾರನ್ ಕಟ್ಟಬೇಕೆಂದು ಹೊಲದಲ್ಲಿ ಪಾಯ ತೋಡಿಸಿದ. ಅಲ್ಲಿ ಮೊಳದುದ್ದದ ಒಂದು ಕಲ್ಲು ಸಿಕ್ಕಿತು. ಅದರ ನೆತ್ತಿಯ ಮೇಲೆ ಶಿಲುಬೆಯಂತೆ ಕೊರೆದಿತ್ತು. ಲೂರ್ದು ಅದನ್ನು ತೊಳೆದು, ತಮ್ಮ ಮನೆ ಪಕ್ಕದ ಹೊಂಗೆಮರದ ಕೆಳಗೆ ನಿಲ್ಲಿಸಿ ಮೇಣದ ಬತ್ತಿ ಹಚ್ಚಿದಳು. ಪಕ್ಕದ ಜಮೀನನ್ನು ಶುಂಠಿ ಬೆಳೆಯಲು ಗುತ್ತಿಗೆಗೆ ಹಿಡಿದಿದ್ದ ಕೇರಳದ ವರ್ಗೀಸಣ್ಣ ಬಂದು ನೋಡಿದವರೇ ಚಪ್ಪಲಿ ಬಿಟ್ಟು ನಿಂತರು. ತಮ್ಮ ಕಡೆಯ ಹಳೆಯ ಚರ್ಚುಗಳಲ್ಲಿ ಇಂಥ ಕಲ್ಲುಗಳಿವೆ, ಅಲ್ಲಿಗೆ ಬಂದಿಳಿದ ಸಂತ ತೋಮಾಸರ ಕಾಲದ ಭಕ್ತರು ಮೆಣಸಿನ ವ್ಯಾಪಾರಕ್ಕೆ ಘಟ್ಟ ಹತ್ತಿ ಬಂದವರು ಇದನ್ನು ನೆಟ್ಟಿರಬೇಕು ಎಂದರು. ವಾರದೊಳಗೆ ಪಿರಿಯಾಪಟ್ಟಣದ ಕಡೆಯಿಂದಲೂ ಜನ ಬಂದರು. ಬಂದವರು ನಮ್ಮ ಮನೆ ಮುಂದೆಯೇ ನಿಂತು ಲೂರ್ದಮ್ಮನ ಮನೆ ಯಾವುದು ಎಂದು ಕೇಳುತ್ತಿದ್ದರು. ನಾನು ಕೈ ತೋರಿಸುತ್ತಿದ್ದೆ.

ನನಗೆ ಆ ಕಲ್ಲು ಏನೆಂದು ನೋಡಿದ ಕೂಡಲೇ ಗೊತ್ತಾಗಿತ್ತು. ನನ್ನ ತವರು ಕೆ.ಆರ್. ನಗರದ ಕಡೆ. ಅಪ್ಪ ಸರ್ವೆಯವರ ಜೊತೆ ಸರಪಳಿ ಹಿಡಿಯುವ ಕೆಲಸ ಮಾಡುತ್ತಿದ್ದರು. ಬುತ್ತಿ ತೆಗೆದುಕೊಂಡು ಹೋದಾಗ ಹೊಲದ ಗಡಿಗೆ ನೆಡುವ ಬಾಂದುಕಲ್ಲುಗಳನ್ನು ನೋಡಿದ್ದೇನೆ. ಅಳತೆಗೆ ಗುರುತಾಗಲಿ ಎಂದು ಅವುಗಳ ನೆತ್ತಿಯ ಮೇಲೆ ಉಳಿಯಲ್ಲಿ ಕೂಡಿಸುವ ಚಿಹ್ನೆಯಂತೆ ಕೊರೆದಿರುತ್ತಾರೆ. ಮಾವನವರ ಅಪ್ಪ ಎರಡು ಹೊಲಗಳನ್ನು ಒಂದು ಮಾಡಿದಾಗ ನಡುವಿನ ಕಲ್ಲು ಮಣ್ಣಲ್ಲಿ ಹೂತುಹೋಗಿರಬೇಕು, ಅಷ್ಟೆ. ನಮ್ಮವರಿಗೆ ಇದನ್ನು ಹೇಳಿದೆ. ಅವರು ತಲೆಯೆತ್ತದೆ, “ಸುಮ್ಕಿರು ಕಣೇ. ಓರಗಿತ್ತೀರ ಹೊಟ್ಟೆಕಿಚ್ಚು ಅಂತಾರೆ” ಅಂದರು. ಅಂದದ್ದು ನಿಜವೇ ಆಗಿತ್ತು. ಗುರುತಿನ ವಿಷಯದಲ್ಲಿ ನನ್ನದು ಸರಿ, ಹೊಟ್ಟೆಕಿಚ್ಚಿನ ವಿಷಯದಲ್ಲಿ ಅವರದು ಸರಿ.

ಫಾದರ್ ಅವಸರ ಮಾಡಲಿಲ್ಲ. ಹುಣಸೂರಿನಿಂದ ಚರಿತ್ರೆ ಕಲಿಸಿ ನಿವೃತ್ತರಾದ ಒಬ್ಬ ಮೇಷ್ಟ್ರನ್ನು ಕರೆಸಿದರು. ಹಳೆಯದೆಂದು ಅವರು ಒಪ್ಪಿದರೆ ಮರದ ಕೆಳಗೆ ಸಣ್ಣ ಮಂಟಪ ಕಟ್ಟಿಸಿ ಶನಿವಾರದ ಜಪವನ್ನು ಅಲ್ಲಿಗೇ ಹಾಕಿಕೊಳ್ಳೋಣ ಎಂದು ಹೆಂಗಸರಿಗೆ ಹೇಳಿದರು. ಎಲ್ಲರೂ ಸಂತೋಷದಿಂದ ತಲೆಯಾಡಿಸಿದರು. ನಾನೂ ಆಡಿಸಿದೆ.

ಮೇಷ್ಟ್ರಿಗೂ ವರ್ಗೀಸಣ್ಣನಿಗೂ ಮರದ ಕೆಳಗೆ ಒಂದು ಗಂಟೆ ವಾದವಾಯಿತು. ಶಿಲುಬೆಯ ತುದಿಗಳು ಅಗಲವಾಗಿವೆ, ಅದು ಭಕ್ತಿಯಿಂದ ಮಾಡಿದ ಕೆಲಸ ಎಂದು ವರ್ಗೀಸಣ್ಣ. ಉಳಿ ಜಾರಿದರೂ ತುದಿ ಅಗಲವಾಗುತ್ತದೆ ಎಂದು ಮೇಷ್ಟ್ರು. ಕಲ್ಲಿನ ಮೇಲೆ ಅಕ್ಷರವಿಲ್ಲ, ಜೊತೆಗೆ ಮಡಕೆ ಚೂರಿಲ್ಲ, ಹೀಗಿರುವಾಗ ಹೌದು ಅನ್ನಲೂ ಆಗದು ಅಲ್ಲ ಅನ್ನಲೂ ಆಗದು ಎಂದರು. ಕೊನೆಗೆ, ಇದು ಸಿಕ್ಕ ಸಾಲಿನಲ್ಲೇ ಇಂಥದ್ದೇ ಗುರುತಿನ ಇನ್ನೊಂದು ಕಲ್ಲು ಸಿಕ್ಕರೆ ಮಾತು ಮುಗಿಯಿತು, ಅದು ಸರ್ವೆ ಕಲ್ಲೇ ಎಂದರು. ನಾಳೆ ಬೆಳಿಗ್ಗೆ ಬಂದು ಹುಡುಕುತ್ತೇನೆ ಎಂದು ಹೊರಟರು.

ಇನ್ನೊಂದು ಕಲ್ಲು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಅದೇ ಸಾಲಿಗೆ, ನಮ್ಮ ಪಾಲಿನ ಹೊಲದ ಕೆಳಮೂಲೆಯಲ್ಲಿ, ಲಂಟಾನದ ಪೊದೆಯಲ್ಲಿ. ಅದಕ್ಕೆ ಒತ್ತಿಕೊಂಡು ಗೆದ್ದಲ ಹುತ್ತ ಬೆಳೆದು ಅರ್ಧ ಕಲ್ಲನ್ನು ನುಂಗಿತ್ತು. ಅತ್ತೆಯ ಎಲೆಯಡಿಕೆ ತಟ್ಟೆಯಿಂದ ಒಂದು ಚೂರು ಸುಣ್ಣ ತೆಗೆದುಕೊಂಡು, ಹಸುವಿಗೆ ಹುಲ್ಲು ತರುವ ನೆಪದಲ್ಲಿ ಸಂಜೆ ನಾಲ್ಕಕ್ಕೆ ಒಬ್ಬಳೇ ಹೋದೆ. ಬಿಸಿಲು ಇನ್ನೂ ಚೆನ್ನಾಗಿತ್ತು. ಕಲ್ಲಿನ ನೆತ್ತಿಯ ಮಣ್ಣು ಕೆರೆದೆ. ಗುರುತು ಸಿಕ್ಕಿತು. ಗೆರೆಗಳಲ್ಲಿ ಮಣ್ಣು ಗಟ್ಟಿಯಾಗಿ ಕೂತಿತ್ತು. ತಲೆಯ ಪಿನ್ನು ತೆಗೆದು ಬಿಡಿಸಿದೆ. ಪಿನ್ನು ಬಾಗಿಹೋಯಿತು. ಬೆರಳಿಟ್ಟು ನೋಡಿದೆ, ಉಗುರು ಪೂರ್ತಿ ಇಳಿಯುವಷ್ಟು ಆಳ. ದೂರಕ್ಕೂ ಕಾಣಲಿ ಎಂದು ಆ ಗೆರೆಗಳಲ್ಲಿ ಸುಣ್ಣ ತುಂಬಿದೆ. ಬರುತ್ತಾ ಫಾದರಿಗೆ ವಿಷಯ ಹೇಳಿದೆ. ಆ ರಾತ್ರಿ ಉಪಕಾರ ಎಣಿಸಲು ಹತ್ತು ಬೆರಳೂ ಸಾಲಲಿಲ್ಲ. ಒಳ್ಳೆಯ ನಿದ್ದೆ ಬಂತು.

ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಬಂದರು. ಫಾದರ್, ಮೇಷ್ಟ್ರು, ವರ್ಗೀಸಣ್ಣ, ನಮ್ಮವರು, ಮೈದುನ, ಹಿಂದೆ ಸೆರಗು ಹೊದ್ದುಕೊಂಡು ಲೂರ್ದು. ಪೊದೆ ಸರಿಸಿ ನಾನೇ ತೋರಿಸಿದೆ. ಬೆಳ್ಳಗೆ ಶಿಲುಬೆ ಕಂಡಿತು. “ನೋಡಿ ಫಾದರ್, ನಾನು ಹೇಳಲಿಲ್ವಾ” ಅಂದೆ. ಮೇಷ್ಟ್ರು ಕೂತು, ಕನ್ನಡಕ ಏರಿಸಿ, ಅದರ ಮೇಲೆ ಹೆಬ್ಬೆರಳು ಎಳೆದರು. ಸುಣ್ಣ ಬೆರಳಿಗೆ ಬಂತು. ಟವಲ್ಲು ಒದ್ದೆ ಮಾಡಿ ಒರೆಸಿದರು. ಕೆಳಗೆ ಗೆರೆಯಿರಲಿಲ್ಲ. ನಾನು ಅವರನ್ನು ಹೆಚ್ಚುಕಮ್ಮಿ ತಳ್ಳಿ ಕೂತು ಬೆರಳಿಟ್ಟೆ. ರಾಗಿ ಬೀಸಿ ಸವೆದ ಕಲ್ಲಿನ ಹಾಗೆ ನುಣ್ಣಗಿತ್ತು. ಅದೇ ಕಲ್ಲು, ಅದೇ ಹುತ್ತ. ನಾನು ಹಿಂದಿನ ದಿನ ಮುರಿದ ಲಂಟಾನದ ಕಡ್ಡಿ ಅಲ್ಲೇ ಬಾಡಿ ಬಿದ್ದಿತ್ತು. ಕಲ್ಲು ಬದಲಾಯಿಸಬೇಕೆಂದರೆ ಹುತ್ತ ಒಡೆಯಬೇಕಿತ್ತು. ಹುತ್ತ ಒಡೆದಿರಲಿಲ್ಲ.

ಯಾರೂ ನನ್ನನ್ನು ಬೈಯಲಿಲ್ಲ. ವರ್ಗೀಸಣ್ಣ ಆಕಾಶ ನೋಡಿದರು. “ಇರ್ಲಿ ಬಿಡಿ ತಾಯಿ, ಬಿಸಿಲಿಗೆ ಹಾಗೆ ಕಂಡಿರುತ್ತೆ” ಎಂದು ಮೇಷ್ಟ್ರು ಎದ್ದರು. ಫಾದರ್ ನನ್ನ ಕೈ ನೋಡುತ್ತಿದ್ದರು. ಉಗುರಿನ ಸಂದಿಯಲ್ಲಿ ಸುಣ್ಣ ಇನ್ನೂ ಇತ್ತು. ಬೇಕಾದರೆ ಬಾಗಿದ ಪಿನ್ನು ತೋರಿಸಬಹುದಿತ್ತು. ಆದರೆ ಬಾಗಿದ ಪಿನ್ನು ಏನನ್ನು ಸಾಬೀತು ಮಾಡುತ್ತದೆ? ದಾರಿಯುದ್ದಕ್ಕೂ ನಮ್ಮವರು ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದರು.

ಆ ಕಲ್ಲು ಯಾವ ಕಾಲದ್ದೆಂದು ಇವತ್ತಿಗೂ ತೀರ್ಮಾನವಾಗಿಲ್ಲ. ಮೇಷ್ಟ್ರು ಹಳೆಯದೆಂದು ಬರೆದುಕೊಡಲಿಲ್ಲ, ಫಾದರ್ ಮಂಟಪ ಕಟ್ಟಿಸಲಿಲ್ಲ. ಆದರೆ ಶನಿವಾರದ ಜಪ ಮಾತ್ರ ತಾನಾಗಿಯೇ ಹೊಂಗೆಮರದ ಕೆಳಗೆ ಹೋಯಿತು. ನನ್ನ ಅಂಗಳಕ್ಕೆ ಬರಲು ಹೆಂಗಸರಿಗೆ ಸಂಕೋಚವಾಯಿತೋ ಏನೋ. ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತೇನೆ.

ಹೋದ ವರ್ಷ ಸೊಪ್ಪು ಮುರಿಯುವ ಕಾಲದಲ್ಲಿ ನಾನೂ ಲೂರ್ದುವೂ ಎದುರುಬದುರು ಕೂತು ಒಂದೇ ಕಡ್ಡಿಗೆ ಹೊಗೆಸೊಪ್ಪು ಕಟ್ಟುತ್ತಿದ್ದೆವು. ಇಬ್ಬರ ಕೈಗೂ ಅಂಟು ಹತ್ತಿ ಕಪ್ಪಾಗಿತ್ತು. ಅವಳು ಇದ್ದಕ್ಕಿದ್ದಂತೆ, “ಅಕ್ಕ, ನಿಮ್ಮ ಕೆಳಮೂಲೆ ಕಲ್ಲಲ್ಲಿ ಗುರ್ತು ಇತ್ತು ಕಣಕ್ಕ” ಅಂದಳು. “ಮೇಷ್ಟ್ರು ಬರೋಕೆ ಎರಡು ದಿನ ಮುಂಚೆ ನಾನೇ ಹೋಗಿ ನೋಡಿದ್ದೆ. ಬೆರಳು ಇಕ್ಕಿದ್ದೆ.”

ನನ್ನ ಕೈ ನಿಂತಿತು. “ಮತ್ತೆ ಆವತ್ತು ಯಾಕೆ ಬಾಯಿ ಬುಡಲಿಲ್ಲ?”

“ಅಷ್ಟು ವರ್ಷ ನಿನ್ನ ಅಂಗಳದಲ್ಲಿ ಚಾಪೆ ಹಾಸಿ, ನೀನು ಹೇಳ್ದಂಗೆ ಜಪ ಹೇಳಿವ್ನಿ. ಒಂದು ಸಲನಾದ್ರೂ ನಮ್ಮನೆಗೂ ಬರ್ಲಿ ಅಂತ ನಂಗೂ ಆಸೆ ಇರಾಕಿಲ್ವ ಅಕ್ಕ?”

ನನಗೆ ಸಿಟ್ಟು ಬರಬೇಕಿತ್ತು. ಅದರ ಬದಲು, ಹಾಗಾದರೆ ನನ್ನ ತಲೆ ಕೆಟ್ಟಿರಲಿಲ್ಲವಲ್ಲ ಎಂದು ಮನಸ್ಸು ಹಗುರಾಯಿತು. ಅದನ್ನೂ ಆ ರಾತ್ರಿಯ ಉಪಕಾರಗಳಲ್ಲಿ ಎಣಿಸಿದೆ. ಆಮೇಲೆ ಯೋಚನೆ ಹತ್ತಿತು. ಇಬ್ಬರು ಮುಟ್ಟಿ ನೋಡಿದ ಗುರುತು ಒಂದು ರಾತ್ರಿಯಲ್ಲಿ ಎಲ್ಲಿ ಹೋಯಿತು? ಅಥವಾ ನನ್ನ ಮುಖ ನೋಡಲಾರದೆ ಲೂರ್ದು ಒಂದು ಸುಳ್ಳು ಹೇಳಿ ತಪ್ಪನ್ನು ಅರ್ಧ ತನ್ನ ಮೇಲೆ ಹಾಕಿಕೊಂಡಳೇ? ಅದು ಪವಾಡವೇ ಆಗಿದ್ದರೆ, ನಡೆದದ್ದು ನನ್ನ ಹೊಲದಲ್ಲಿ, ಫಲ ಸಿಕ್ಕಿದ್ದು ಅವಳಿಗೆ. ಇದನ್ನು ಬರೆಯುವಾಗಲೂ ಆ ಮಾತು ನನ್ನನ್ನು ಚುಚ್ಚುತ್ತದೆ.

ಹೊಟ್ಟೆಕಿಚ್ಚನ್ನು ಪಾಪನಿವೇದನೆಯಲ್ಲಿ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಕಲ್ಲಿನ ಮಾತು ಬಂದಾಗ ಮಾತ್ರ, ಅದನ್ನು ಯಾವ ಪಾಪವೆಂದು ಹೇಳಬೇಕೋ ತಿಳಿಯದೆ, ಫಾದರ್ ಕಾಯುತ್ತಿರುವಾಗಲೇ ಎದ್ದು ಬರುತ್ತೇನೆ.