ಫಿಲೆಮೋನ್ ಭಾವ ಕಂಡ ಪರದೇಶದ ಬೀದಿಗಳು

ನನ್ನ ಅಕ್ಕ ಸಬಿನಾಳ ಗಂಡ ಫಿಲೆಮೋನ್ ಭಾವ ನಮ್ಮೂರು ತಾರಾತಾದ ಬೀದಿಗಳಿಗೆ ಹೊಳೆಯ ಗುಂಡುಕಲ್ಲು ಹಾಸುವವನು. ಊರ ಕುಣಿತದ ತಂಡಕ್ಕೆ ಡೋಲು ಬಾರಿಸುವವನೂ ಅವನೇ. ಐವತ್ತೆಂಟನೆಯ ವಯಸ್ಸಿನಲ್ಲಿ ಆ ಡೋಲೇ ಅವನನ್ನು ಸಮುದ್ರ ದಾಟಿಸಿತು. ಲಿಸ್ಬನ್ನಿನಿಂದಲೂ ಜಿನೋವಾದಿಂದಲೂ ತಂಡಕ್ಕೆ ಕರೆ ಬಂದಿತ್ತು.

ಅವನು ಮರಳಿದ ದಿನ ಓಣಿಯ ಅರ್ಧ ಜನ ನಮ್ಮ ಅಂಗಳದಲ್ಲಿ ಮೆಕ್ಕೆಜೋಳದ ಕಳ್ಳು, ಚಿಚಾ, ಕುಡಿಯುತ್ತ ಕೂತಿದ್ದರು.

"ಲಿಸ್ಬನ್ನಲ್ಲಿ ಬಿಳಿ ಕಲ್ಲು, ಕರಿ ಕಲ್ಲು ಸೇರಿಸಿ ಅಲೆ ಥರ ಜೋಡಿಸಿದಾರೆ," ಅಂದ ಭಾವ. "ನೋಡೋಕೆ ಚೆಂದ. ಮಳೆ ಬಂದ್ರೆ ಜಾರುತ್ತೆ. ನಾನೇ ಬಿದ್ದೆ."

"ಅರಮನೆ ಗಿರಮನೆ ನೋಡ್ಲಿಲ್ವಾ?" ಅಂತ ಯಾರೋ ಕೇಳಿದರು.

"ಇದ್ವು ಅನ್ಸುತ್ತೆ."

"ಅಷ್ಟು ದೂರ ಹೋಗಿ ನೆಲ ನೋಡ್ಕೊಂಡು ಬಂದ್ಯಾ ಮಾರಾಯ?" ಅಂದಳು ಅಕ್ಕ. ಎಲ್ಲರೂ ನಕ್ಕರು.

ಜಿನೋವಾದ ಮಾತು ಬಂದಾಗ ಭಾವನ ದನಿ ಬೇರೆಯಾಯಿತು. ಅಲ್ಲಿನ ಓಣಿಗಳು ಗುಡ್ಡ ಹತ್ತುತ್ತವೆ. ಇಕ್ಕೆಲದಲ್ಲಿ ಗುಂಡುಕಲ್ಲು, ನಡುವೆ ಕಾಲಿಗೆ ಹಿಡಿತ ಸಿಗುವಂತೆ ಮಗ್ಗುಲಾಗಿ ನಿಲ್ಲಿಸಿದ ಇಟ್ಟಿಗೆಯ ಪಟ್ಟಿ.

"ಒಬ್ಬಳು ಮುದುಕಿ ಮಳೇಲಿ ಗೋಡೆ ಹಿಡೀದೆ ಹತ್ತಿ ಹೋದ್ಲು. ಹೆಂಗೆ ಅಂತ ನೋಡೋಕೆ ಹಿಂದೇನೇ ಹೋದೆ. ಕಳ್ಳ ಅಂದ್ಕೊಂಡು ಪಾಪ ಚೀಲ ತಬ್ಕೊಂಡ್ಲು."

ಮೇಲಿನ ತಿರುವಿನಲ್ಲಿ ಇಬ್ಬರು ಓಣಿ ರಿಪೇರಿ ಮಾಡುತ್ತಿದ್ದರಂತೆ. ಅವರ ಭಾಷೆ ಭಾವನಿಗೆ ಬಾರದು, ಭಾವನದು ಅವರಿಗೆ ಬಾರದು. ಭಾವ ಸುತ್ತಿಗೆಗೆ ಕೈ ಚಾಚಿ ಒಂದು ಇಟ್ಟಿಗೆ ಕೂರಿಸಿದ. ಹಿರಿಯ ಕೆಲಸಗಾರ ಅದನ್ನು ಕಾಲಿನಿಂದ ಒತ್ತಿ ನೋಡಿ ಇನ್ನೊಂದು ಇಟ್ಟಿಗೆ ಮುಂದೆ ತಳ್ಳಿದ. ಸಂಜೆವರೆಗೂ ಮೂವರೂ ಜೊತೆಗೇ ಕೆಲಸ ಮಾಡಿದರು. ಆ ದಿನ ಡೋಲಿಲ್ಲದೆ ಕುಣಿತ ತಡವಾಯಿತು.

ಭಾವ ಇಷ್ಟೆಲ್ಲ ಹೇಳಿದ್ದು ಯಾಕೆಂದು ನಮಗೆ ಗೊತ್ತಿತ್ತು. ನಮ್ಮ ಚರ್ಚಿಗೆ ಹತ್ತುವ ಕಡಿದಾದ ಓಣಿಗೆ ಕಲ್ಲು ಹಾಸಿದವನು ಅವನೇ. ಹಿಂದಿನ ಮಳೆಗಾಲದಲ್ಲಿ ರುಫೀನಾ ಅಜ್ಜಿ ಅಲ್ಲೇ ಜಾರಿ ಸೊಂಟ ಮುರಿದುಕೊಂಡಿದ್ದಳು. ಯಾರೂ ಅವನನ್ನು ದೂರಲಿಲ್ಲ. ಆದರೂ ಅಂದಿನಿಂದ ಅವನು ಆ ಓಣಿ ಹತ್ತಿರಲಿಲ್ಲ.

ಮರುವಾರವೇ ತನ್ನ ಕೈಯಾರೆ ಹಾಸಿದ ಕಲ್ಲುಗಳನ್ನು ತಾನೇ ಕಿತ್ತ. ಊರ ಇಟ್ಟಿಗೆ ಗೂಡಿನವರು ಇಟ್ಟಿಗೆ ಕೊಟ್ಟರು, ನಾವು ಹೊತ್ತೆವು. ಜಿನೋವಾದ ಹಾಗೆ ನಡುವೆ ಇಟ್ಟಿಗೆಯ ಪಟ್ಟಿ ಕೂರಿಸಲು ಎರಡು ತಿಂಗಳು ಹಿಡಿಯಿತು.

ನಮ್ಮ ಕಡೆ ಮಳೆಗಾಲವಾದ ಜನವರಿಯ ಮೊದಲ ದೊಡ್ಡ ಮಳೆಗೆ ಜನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ರುಫೀನಾ ಅಜ್ಜಿ ಕೋಲೂರಿ ಇಟ್ಟಿಗೆಯ ಪಟ್ಟಿಯ ಮೇಲೇ ಹತ್ತಿದಳು. ಎಲ್ಲಿಯೂ ಕಾಲು ಜಾರಲಿಲ್ಲ. ಚರ್ಚಿನ ಮೆಟ್ಟಿಲು ಮುಟ್ಟಿ ತಿರುಗಿದಳು.

"ಫಿಲೆಮೋನಾ, ಗುಡ್ಡಾನೂ ಸ್ವಲ್ಪ ತಗ್ಗಿಸಬಾರ್ದಿತ್ತೇನೋ?"

ಭಾವ ಬಗ್ಗಿ ಒಂದು ಇಟ್ಟಿಗೆಯನ್ನು ಕೈಯಿಂದ ಒತ್ತಿ ನೋಡಿದ. ಅಕ್ಕನೇ ಎಲ್ಲರಿಗೂ ಕೇಳುವಂತೆ ಅಂದಳು: "ಅದನ್ನ ಮುಂದಿನ ಸಲ ಹೋದಾಗ ಕಲ್ತು ಬರ್ತಾನೆ ಬಿಡಜ್ಜಿ. ನನ್ನ ಗಂಡ ಅವನು."